ಮೈಸೂರಿನ ಹೊನ್ನರೇಕಿನ ಚಿತ್ರಗಳು

ಕನ್ನಡನಾಡಿನ ಶಿಲ್ಪಕ್ಕೆ ಲೋಕದಲ್ಲಿ ದೊರೆತಿರುವ ಕೀರ್ತಿಯು ಅದರ ಚಿತ್ರಕಲೆಗೆ ದೊರೆತಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆದರೆ ಅದೇ ನಾಡಿನ ಚಿತ್ರಗಾರರು ಬಣ್ಣದಿಂದಲೂ ಚಿನ್ನದ ರೇಕಿನಿಂದಲೂ ಬರೆದಿಟ್ಟ ದೇವತಾಪಟಗಳ ಚರಿತ್ರೆಯನ್ನು ಬಲ್ಲವರೇ ವಿರಳ. ಇದಕ್ಕೆ ಕಾರಣವಿಲ್ಲದಿಲ್ಲ. ಕಲ್ಲು ಮಳೆಗಾಳಿಗಳನ್ನು ಸಹಿಸಿಕೊಂಡು ಶತಮಾನಗಳವರೆಗೆ ನಿಲ್ಲುತ್ತದೆ; ಕಾಗದವಾದರೋ ಗೆದ್ದಲಿಗೂ ತೇವಕ್ಕೂ ದೀಪದ ಹೊಗೆಗೂ ಈಡಾಗುತ್ತದೆ. ದೇವಾಲಯದ ಭಿತ್ತಿಯಲ್ಲಿರುವ ಮೂರ್ತಿಯನ್ನು ಊರಿಗೆ ಊರೇ ನೋಡುತ್ತದೆ. ದೇವರಕೋಣೆಯ ಪಟವನ್ನು ಮನೆಯವರು ಮಾತ್ರ ಕಾಣುತ್ತಾರೆ, ಅದೂ ಕೈಮುಗಿದು ಕಣ್ಣುಮುಚ್ಚುವ ಮುನ್ನ ಒಂದು ಗಳಿಗೆ.

ಇನ್ನೊಂದು ಕಾರಣವೂ ಉಂಟು. ಚಿನ್ನದ ರೇಕನ್ನು ಹಚ್ಚಿದ ದೇವರ ಪಟ ಯಾವುದನ್ನು ಕಂಡರೂ ಅದನ್ನು ತಂಜಾವೂರಿನ ಚಿತ್ರವೆಂದು ಕರೆಯುವುದು ಸಾಮಾನ್ಯವಾಗಿದೆ. ಬೆಂಗಳೂರಿನ ಪೂರ್ವಭಾಗದಲ್ಲಿ ಈ ರೂಢಿಯು ಬೆಳೆದುದು ಸಹಜವೇ ಸರಿ. ೧೮೦೯ರಲ್ಲಿ ಇಂಗ್ಲಿಷರು ಹಲಸೂರಿನ ಬಳಿ ದಂಡುಪ್ರದೇಶವನ್ನು ಸ್ಥಾಪಿಸಿದಾಗ, ಅದರ ಸೇವೆಗಾಗಿಯೂ ವ್ಯಾಪಾರಕ್ಕಾಗಿಯೂ ತಮಿಳುಸೀಮೆಯ ಅನೇಕ ಕುಟುಂಬಗಳು ಬಂದು ನೆಲಸಿದುವು. ಅವರಿಗೆ ತಂಜಾವೂರು ಪರಿಚಿತವಾದ ಹೆಸರು. ಆ ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಮಾರತ್ತಹಳ್ಳಿಯು ಇಂದು ಮಹಾನಗರದ ಬಡಾವಣೆಯಾಗಿದೆ. ನಾನಾ ಪ್ರಾಂತಗಳ ಜನರು ಅಲ್ಲಿ ಮನೆಮಾಡಿದ್ದಾರೆ. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬರುವ ಹೊಳೆಯುವ ಪಟವು ಮೈಸೂರಿನದೋ ತಂಜಾವೂರಿನದೋ ಎಂದು ಕೊಟ್ಟವರೂ ವಿಚಾರಿಸುವುದಿಲ್ಲ, ಪಡೆದವರೂ ವಿಚಾರಿಸುವುದಿಲ್ಲ.

ಹೆಸರು ತಪ್ಪಿದರೆ ನಷ್ಟವೇನೆಂದು ಕೆಲವರು ಕೇಳಬಹುದು. ಎರಡೂ ಸಂಪ್ರದಾಯಗಳು ಒಂದೇ ತಾಯಿಯ ಮಕ್ಕಳೆಂಬುದು ನಿಜ. ಆದರೆ ಮೈಸೂರಿನ ಪಟದಲ್ಲಿ ಚಿನ್ನಕ್ಕೆ ಒಂದು ಗೊತ್ತಾದ ಸ್ಥಾನವಿದೆ. ಅಲ್ಲಿ ರೇಖೆಯು ಒಡೆಯ, ರೇಕು ಅದರ ಸೇವಕ. ಈ ಸಂಬಂಧವನ್ನು ಮರೆತು ಹೊಳಪನ್ನೇ ಚಿತ್ರವೆಂದು ತಿಳಿದರೆ, ಹೆಸರು ಉಳಿದರೂ ಕಲೆಯು ಉಳಿಯಲಾರದು. ಆದುದರಿಂದ ಈ ಕಲೆಯು ಎಲ್ಲಿಂದ ಬಂದಿತು, ಯಾರ ಆಶ್ರಯದಲ್ಲಿ ಬೆಳೆಯಿತು, ಹೇಗೆ ಕ್ಷೀಣಿಸಿತು ಎಂಬುದನ್ನು ಅರಿಯುವುದು ವಿದ್ಯಾವಂತ ಗೃಹಸ್ಥರಿಗೆ ಉಪಯುಕ್ತವಾದುದು.

೧

ಕನ್ನಡನಾಡಿನಲ್ಲಿ ಚಿತ್ರಕಲೆಯು ಹೊಸದಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. ೫೭೮ರ ಶಾಸನವಿದೆ, ಚಾಲುಕ್ಯ ಮಂಗಳೇಶನು ಮಾಡಿಸಿದ ಆ ಗುಹೆಯಲ್ಲಿ ಮಾಸಿಹೋದ ವರ್ಣಚಿತ್ರಗಳ ಅವಶೇಷಗಳು ಇನ್ನೂ ಕಾಣುತ್ತವೆ. ಆರು ಶತಮಾನಗಳೊಳಗಾಗಿ ಈ ಕಲೆಯು ಎಷ್ಟು ವ್ಯವಸ್ಥಿತವಾಗಿತ್ತೆಂಬುದಕ್ಕೆ ಮಾನಸೋಲ್ಲಾಸವೇ ಸಾಕ್ಷಿ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬–೧೧೩೮) ರಚಿಸಿದ ಈ ಸಂಸ್ಕೃತಗ್ರಂಥಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರೂ ಉಂಟು. ರಾಜನು ತಿಳಿಯಬೇಕಾದ ನೂರು ವಿಷಯಗಳ ನಡುವೆ ಚಿತ್ರಕರ್ಮಕ್ಕೂ ಅದರಲ್ಲಿ ಸ್ಥಾನ ದೊರೆತಿದೆ. ಗೋಡೆಯನ್ನು ನುಣುಪುಗೊಳಿಸುವ ಬಗೆ, ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವ ಕ್ರಮ, ಕರುವಿನ ಕಿವಿಯ ರೋಮದಿಂದ ಕುಂಚವನ್ನು ಕಟ್ಟುವ ರೀತಿ ಇವೆಲ್ಲವೂ ಅಲ್ಲಿ ಹೇಳಲ್ಪಟ್ಟಿವೆ. ಚಿನ್ನದ ವಿಷಯವಂತೂ ವಿಶೇಷವಾಗಿ ಗಮನಿಸತಕ್ಕುದು. ತೆಳುವಾದ ಚಿನ್ನದ ತಗಡನ್ನು ಕಲ್ಲಿನ ಮೇಲೆ ಅರೆದು, ತೊಳೆದು, ವಜ್ರಲೇಪದೊಡನೆ ಕೂಡಿಸಿ ಕುಂಚದಿಂದ ಹಚ್ಚಬೇಕು. ಒಣಗಿದ ಬಳಿಕ ಹಂದಿಯ ಕೋರೆಯಿಂದ ಮಿಂಚುವಂತೆ ತೀಡಬೇಕು. ಮೈಸೂರಿನ ಚಿತ್ರಗಾರರು ಏಳುನೂರು ವರ್ಷಗಳ ತರುವಾಯ ಚಿನ್ನವನ್ನು ಅರೆಯುವ ಬದಲು ರೇಕಾಗಿಯೇ ಅಂಟಿಸಿದರು. ಕೋರೆಯ ಬದಲು ನುಣುಪಾದ ಕಲ್ಲನ್ನು ಹಿಡಿದರು. ಆದರೆ ಹಚ್ಚಿದ ಚಿನ್ನವನ್ನು ತೀಡಿ ಹೊಳಪಿಸಬೇಕೆಂಬ ತತ್ತ್ವವು ಒಂದೇ ಆಗಿದೆ.

ವಿಜಯನಗರದ ಕಾಲದಲ್ಲಿ ಚಿತ್ರಕಲೆಯು ದೇವಾಲಯಗಳ ಮೇಲ್ಛಾವಣಿಯನ್ನೇರಿತು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿಯೂ, ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣನು ಬೆಳೆಸಿದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿಯೂ ಅದರ ನಿದರ್ಶನಗಳಿವೆ. ಲೇಪಾಕ್ಷಿಯು ಈಗ ಆಂಧ್ರಪ್ರದೇಶಕ್ಕೆ ಸೇರಿದ್ದರೂ ಕನ್ನಡನಾಡಿನ ಗಡಿಯ ಅಂಚಿನಲ್ಲಿಯೇ ಇದೆ. ಅಲ್ಲಿಯ ಮಂಟಪದ ಕೆಳಗೆ ನಿಂತು ತಲೆಯೆತ್ತಿದವರಿಗೆ ಮೊದಲು ಕಾಣುವುದು ಬಣ್ಣವಲ್ಲ, ರೇಖೆ. ಪಾರ್ಶ್ವಮುಖದ ತೀಕ್ಷ್ಣವಾದ ಮೂಗು, ಉದ್ದವಾದ ಕಣ್ಣು, ಸೀರೆಯ ಸೆರಗಿನ ಮೊನೆಯಾದ ಅಂಚು ಇವೆಲ್ಲವನ್ನೂ ಒಂದೇ ಕಪ್ಪು ಗೀಟು ತಡೆಯಿಲ್ಲದೆ ಸುತ್ತುವರಿಯುತ್ತದೆ. ಉಡುಗೆಯ ಒಂದೊಂದು ಬುಟ್ಟಾವನ್ನೂ ಬಿಡದೆ ಬರೆಯಲಾಗಿದೆ. ಮೈಸೂರಿನ ಪಟಗಳು ಈ ರೇಖೆಯ ಸಂತಾನವೇ ಆಗಿವೆ.

೧೫೬೫ರ ಯುದ್ಧದಿಂದ ವಿಜಯನಗರವು ಹಾಳಾದಾಗ ಅಲ್ಲಿನ ಚಿತ್ರಗಾರರು ಆಶ್ರಯವನ್ನರಸಿ ದಿಕ್ಕುದಿಕ್ಕಿಗೆ ಚೆದುರಿದರು. ಸಾಮ್ರಾಜ್ಯದ ತುಂಡುಗಳನ್ನು ಆಳುತ್ತಿದ್ದ ನಾಯಕರೂ ಪಾಳೆಯಗಾರರೂ ಅವರಿಗೆ ಕೆಲಸ ಕೊಟ್ಟರು. ಮೈಸೂರಿನ ರಾಜ ಒಡೆಯರು ೧೬೧೦ರಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನಿಂದ ಶ್ರೀರಂಗಪಟ್ಟಣವನ್ನು ಪಡೆದು ಅದನ್ನೇ ರಾಜಧಾನಿಯನ್ನಾಗಿ ಮಾಡಿಕೊಂಡರು. ದಸರೆಯ ಉತ್ಸವವು ಹೇಗೆ ವಿಜಯನಗರದಿಂದ ಶ್ರೀರಂಗಪಟ್ಟಣಕ್ಕೆ ಬಂದಿತೋ ಹಾಗೆಯೇ ಚಿತ್ರಗಾರರೂ ಬಂದರೆಂಬುದು ಮೈಸೂರಿನ ಪರಂಪರೆ.

೨

ಇಲ್ಲಿ ಬೆಂಗಳೂರಿಗೂ ತಂಜಾವೂರಿಗೂ ಇರುವ ಒಂದು ಹಳೆಯ ಸಂಬಂಧವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ೧೬೩೮ರಲ್ಲಿ ಬಿಜಾಪುರದ ಸೈನ್ಯವು ಬೆಂಗಳೂರನ್ನು ಗೆದ್ದ ಮೇಲೆ ಅದು ಶಹಜಿ ಭೋಸಲೆಯ ಜಹಗೀರಾಯಿತು. ಶಹಜಿಯ ಮಗನೂ ಶಿವಾಜಿಯ ಮಲಸೋದರನೂ ಆದ ಏಕೋಜಿಯು ಬೆಂಗಳೂರಿನಿಂದ ದಕ್ಷಿಣಕ್ಕೆ ನಡೆದು, ೧೬೭೬ರ ಹೊತ್ತಿಗೆ ತಂಜಾವೂರಿನಲ್ಲಿ ಮರಾಠರ ಅರಸುತನವನ್ನು ಸ್ಥಾಪಿಸಿದನು. ದೂರದ ಬೆಂಗಳೂರನ್ನು ಕಾಪಾಡಿಕೊಳ್ಳುವುದು ಅವನಿಗೆ ಹೊರೆಯಾಯಿತು. ಕಡೆಗೆ ೧೬೮೭ರಲ್ಲಿ ಆ ಊರು ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರ ಕೈಸೇರಿತು. ಹೀಗೆ ತಂಜಾವೂರಿನ ಪಟಗಳಿಗೆ ಆಶ್ರಯವಿತ್ತ ರಾಜವಂಶವು ಬೆಂಗಳೂರಿನಿಂದ ಹೊರಟುಹೋದುದು. ಮೈಸೂರಿನ ಪಟಗಳಿಗೆ ಆಶ್ರಯವಿತ್ತ ರಾಜವಂಶವು ಅದೇ ಬೆಂಗಳೂರನ್ನು ಕೊಂಡುದು.

ಎರಡು ಆಸ್ಥಾನಗಳ ನಡುವಣ ಸಾಮ್ಯವು ಇಷ್ಟಕ್ಕೇ ನಿಲ್ಲುವುದಿಲ್ಲ. ತಂಜಾವೂರಿನಲ್ಲಿ ಕಲೆಗಳಿಗೆ ಹೆಸರಾದ ಎರಡನೆಯ ಸರಫೋಜಿಯು (೧೭೯೮–೧೮೩೨) ಪಟ್ಟಕ್ಕೆ ಬಂದ ಮರುವರ್ಷವೇ, ೧೭೯೯ರ ಒಡಂಬಡಿಕೆಯಿಂದ, ರಾಜ್ಯಾಡಳಿತವನ್ನು ಇಂಗ್ಲಿಷ್ ಕಂಪೆನಿಗೆ ಒಪ್ಪಿಸಿದನು. ಅದೇ ವರ್ಷ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದನು. ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಸಿಂಹಾಸನವನ್ನೇರಿದರು. ಅವರಿಂದಲೂ ೧೮೩೧ರಲ್ಲಿ ಆಡಳಿತವು ಇಂಗ್ಲಿಷರ ಕೈಸೇರಿತು. ಕತ್ತಿಯನ್ನೂ ಬೊಕ್ಕಸವನ್ನೂ ಕಳೆದುಕೊಂಡ ಎರಡು ಅರಮನೆಗಳಲ್ಲಿ ಈ ಹೊನ್ನಿನ ಪಟಗಳು ತಮ್ಮ ಪೂರ್ಣ ರೂಪವನ್ನು ಪಡೆದುವೆಂಬುದು ಕಲಾಚರಿತ್ರೆಯಲ್ಲಿ ಮರೆಯತಕ್ಕ ಸಂಗತಿಯಲ್ಲ.

೩

ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿಯೂ ಚಿತ್ರಗಾರರಿಗೆ ಕೆಲಸವಿಲ್ಲದಿರಲಿಲ್ಲ. ೧೭೮೪ರ ದರಿಯಾ ದೌಲತ್ ಮಹಲಿನ ಗೋಡೆಗಳ ಮೇಲೆ ೧೭೮೦ರ ಪೊಳ್ಳಿಲೂರು ಯುದ್ಧವು ವಿಸ್ತಾರವಾಗಿ ಚಿತ್ರಿತವಾಗಿದೆ. ತುಮಕೂರು ಜಿಲ್ಲೆಯ ಸೀಬಿಯಲ್ಲಿ ಟಿಪ್ಪುವಿನ ಕಚೇರಿಗೆ ಸಂಬಂಧಪಟ್ಟ ಮನೆತನದವರು ಕಟ್ಟಿಸಿದ ನರಸಿಂಹಸ್ವಾಮಿ ದೇವಾಲಯದ ಛಾವಣಿಯಲ್ಲಿಯೂ ವರ್ಣಚಿತ್ರಗಳಿವೆ. ಆದರೆ ದೇವತಾಪಟಗಳ ಸುವರ್ಣಯುಗವೆಂದರೆ ಮುಮ್ಮಡಿಯವರ ಕಾಲವೇ.

೧೮೩೧ರಿಂದ ೧೮೬೮ರಲ್ಲಿ ದೇಹಬಿಡುವವರೆಗಿನ ಮೂವತ್ತೇಳು ವರ್ಷಗಳನ್ನು ಆ ಪ್ರಭುಗಳು ಆಡಳಿತವಿಲ್ಲದ ಅರಸರಾಗಿ ಕಳೆದರು. ರಾಜ್ಯವನ್ನು ಮರಳಿ ಕೊಡಬೇಕೆಂದು ಅವರು ಮಾಡಿಕೊಂಡ ಬಿನ್ನಹಗಳು ಅವರು ಬದುಕಿರುವವರೆಗೂ ಫಲಿಸಲಿಲ್ಲ. ರಾಜ್ಯವು ವಂಶಕ್ಕೆ ಮರಳಿದುದು ೧೮೮೧ರಲ್ಲಿ. ಈ ಅವಧಿಯಲ್ಲಿ ಅವರ ಮನಸ್ಸು ಗ್ರಂಥ, ಸಂಗೀತ, ಚಿತ್ರ, ಚದುರಂಗ, ಗಂಜೀಫಾ ಆಟ ಮೊದಲಾದುವುಗಳ ಕಡೆಗೆ ಹರಿಯಿತು. ಇದನ್ನು ಕಾಲಹರಣವೆಂದು ಹೇಳಿದವರೂ ಉಂಟು. ಆದರೆ ನಾಡನ್ನು ಕ್ರಮಪಡಿಸುವ ಅಧಿಕಾರವನ್ನು ಕಳೆದುಕೊಂಡ ಅರಸರು ನಾಡಿನ ದೇವತೆಗಳನ್ನೂ ವಿದ್ಯೆಗಳನ್ನೂ ಕ್ರಮಪಡಿಸಿ ಬರೆಯಿಸಿದರೆಂದು ನೋಡಿದರೆ, ಆ ಕಾಲದ ಫಲವು ಅಲ್ಪವಲ್ಲವೆಂಬುದು ಗೊತ್ತಾಗುತ್ತದೆ.

ಆ ಫಲಗಳಲ್ಲಿ ಮುಖ್ಯವಾದುದು ಶ್ರೀತತ್ತ್ವನಿಧಿ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಈ ಬೃಹದ್ಗ್ರಂಥವು ವಿಭಾಗವಾಗಿದೆ. ದೇವತೆಯ ಒಂದೊಂದು ರೂಪಕ್ಕೂ ಶಾಸ್ತ್ರಗಳಿಂದ ಆರಿಸಿದ ಧ್ಯಾನಶ್ಲೋಕವಿದ್ದು, ಅದರ ಅರ್ಥಕ್ಕೆ ಅನುಗುಣವಾದ ವರ್ಣಚಿತ್ರವೂ ಇದೆ. ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣವೇನು, ವಾಹನವಾವುದು ಎಂಬುದು ಚಿತ್ರಗಾರನ ಊಹೆಗೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ಕೌತುಕನಿಧಿಯಲ್ಲಿ ಯೋಗಾಸನಗಳ ಚಿತ್ರಗಳೂ ಸೇರಿವೆ. ೧೯೯೬ರಲ್ಲಿ ಅವುಗಳ ಮೇಲೆ ಗ್ರಂಥವನ್ನು ಪ್ರಕಟಿಸಿದ ಎನ್. ಇ. ಸ್ಯೋಮನ್ ಎಂಬ ವಿದ್ವಾಂಸರು ಒಟ್ಟು ೧೨೨ ಆಸನಗಳನ್ನು ವಿವರಿಸಿದ್ದಾರೆ. ಇಂತಹ ಗ್ರಂಥವು ಆಸ್ಥಾನದಲ್ಲಿ ಸಿದ್ಧವಾಗಬೇಕಾದರೆ ಪಂಡಿತರೂ ಚಿತ್ರಗಾರರೂ ಒಂದೆಡೆ ಕುಳಿತು ಕೆಲಸಮಾಡಬೇಕು. ಶ್ಲೋಕದ ಮಾತಿಗೆ ಸರಿಯಾಗಿ ಗೀಟನ್ನೆಳೆಯುವ ಈ ಅಭ್ಯಾಸವೇ ಮೈಸೂರಿನ ಪಟಗಳಿಗೆ ಅವುಗಳ ಸಂಯಮವನ್ನು ಕೊಟ್ಟಿತೆಂದು ಹೇಳಬಹುದು.

೧೮೬೧ರಲ್ಲಿ ಮುಗಿದ ಜಗನ್ಮೋಹನ ಅರಮನೆಯಲ್ಲಿ ಈ ಕಾಲದ ಭಿತ್ತಿಚಿತ್ರಗಳಿವೆ. ದಸರೆಯ ಮೆರವಣಿಗೆ, ಪ್ರಭುಗಳಿಗೆ ಪ್ರಿಯವಾದ ಆಟಗಳ ಚದುರಗಳು, ಕಮಲದ ಎಸಳುಗಳಲ್ಲಿ ರಾಜವಂಶವನ್ನು ಹರಡಿ ತೋರಿಸುವ ಸಂತಾನಾಂಬುಜ ಇವು ಅಲ್ಲಿ ಕಾಣುತ್ತವೆ. ಅರಮನೆಯ ಅಭಿರುಚಿಯು ಕ್ರಮೇಣ ಅಧಿಕಾರಿಗಳ, ವರ್ತಕರ, ವೈದಿಕರ ಮನೆಗಳಿಗೂ ಇಳಿಯಿತು. ಶ್ರೀರಾಮಪಟ್ಟಾಭಿಷೇಕ, ಲಕ್ಷ್ಮಿ, ಸರಸ್ವತಿ, ಚಾಮುಂಡೇಶ್ವರಿ, ರಂಗನಾಥ, ಉಮಾಮಹೇಶ್ವರ ಮೊದಲಾದ ಪಟಗಳು ದೇವರಕೋಣೆಗಳನ್ನು ಸೇರಿದುವು. ಬರೆದವರ ಹೆಸರು ಮಾತ್ರ ಅವುಗಳ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಪೂಜೆಗೊಳ್ಳುವ ಪಟದ ಮೇಲೆ ತನ್ನ ಅಂಕಿತವನ್ನಿಡುವುದು ಚಿತ್ರಗಾರನಿಗೆ ಉಚಿತವಾಗಿ ತೋರಲಿಲ್ಲ.

೪

ಪಟವು ಸಿದ್ಧವಾಗುವ ಕ್ರಮವನ್ನು ತಿಳಿದವರಿಗೆ ಚಿನ್ನದ ಸ್ಥಾನವೇನೆಂಬುದು ತಾನಾಗಿಯೇ ತಿಳಿಯುತ್ತದೆ. ಹಲಗೆಗೆ ಅಥವಾ ದಪ್ಪ ರಟ್ಟಿಗೆ ಕಾಗದವನ್ನು ಅಂಟಿಸಿ, ಒಣಗಿಸಿ, ಉಜ್ಜಿ ನುಣುಪುಮಾಡುವುದು ಮೊದಲನೆಯ ಕೆಲಸ. ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟರೆ ಮೆತುವಾದ ಇದ್ದಿಲಾಗುತ್ತದೆ. ಅದರಿಂದ ಚಿತ್ರದ ಆಕಾರವನ್ನು ಬರೆಯುತ್ತಿದ್ದರು. ಇದ್ದಿಲ ಗೀಟನ್ನು ಒರಸಿ ತಿದ್ದಬಹುದು. ಅದರ ಮೇಲೆ ಕುಂಚದ ಗೀಟು ಬಿದ್ದರೆ ತಿದ್ದುವಂತಿಲ್ಲ. ಶಿಷ್ಯನಾದವನು ಬಣ್ಣದ ಬಟ್ಟಲನ್ನು ಮುಟ್ಟುವ ಮುನ್ನ ಬಹುಕಾಲ ರೇಖೆಯನ್ನೇ ಸಾಧಿಸಬೇಕಾಗಿದ್ದುದು ಇದರಿಂದಲೇ. ಅಳಿಲಿನ ರೋಮದ ಕುಂಚವು ಸೂಕ್ಷ್ಮಕಾರ್ಯಕ್ಕೆ ಒದಗುತ್ತಿತ್ತು. ಅದಕ್ಕಿಂತಲೂ ಸಣ್ಣ ಗೀಟಿಗೆ ಮೊನೆಯಾದ ಹುಲ್ಲಿನ ಎಸಳನ್ನು ಉಪಯೋಗಿಸುತ್ತಿದ್ದರು.

ಬಣ್ಣಗಳು ಖನಿಜಗಳಿಂದಲೂ ಸಸ್ಯಗಳಿಂದಲೂ ಆದುವು: ಇಂಗಳೀಕದಿಂದ ಕೆಂಪು, ಹರಿದಳದಿಂದ ಹಳದಿ, ನೀಲಿಯ ಗಿಡದಿಂದ ನೀಲಿ, ದೀಪದ ಮಸಿಯಿಂದ ಕಪ್ಪು. ಮೊದಲು ಆಕಾಶ, ಬೆಟ್ಟ, ಹೊಳೆ ಮೊದಲಾದ ದೂರದ ವಸ್ತುಗಳಿಗೆ ಬಣ್ಣ ತುಂಬುವುದು. ಆಮೇಲೆ ಪ್ರಾಣಿಗಳಿಗೂ ಮೂರ್ತಿಗಳಿಗೂ ಬರುವುದು. ಮುಖ, ಉಡುಗೆ, ಆಭರಣಗಳು ಕಡೆಗೆ. ಚಿನ್ನದ ಸರದಿ ಬರುವುದು ಈ ಹಂತದಲ್ಲಿಯೇ ಹೊರತು ಮೊದಲಿಗಲ್ಲ.

ಚಿನ್ನವನ್ನು ನೇರವಾಗಿ ಕಾಗದಕ್ಕೆ ಹಚ್ಚುವುದಿಲ್ಲ. ಸೀಸದ ಸಫೇದದ ಪುಡಿ, ರೇವಲಚಿನ್ನಿ ಹಾಲೆಂಬ ಹಳದಿಯ ಮರದಂಟು, ಬೇರೆ ಗೋಂದು ಇವುಗಳನ್ನು ಕಲಸಿ ನುಣ್ಣಗೆ ಅರೆದು ಒಂದು ಲೇಪವನ್ನು ಮಾಡುತ್ತಾರೆ. ಇದನ್ನು ಕುಂಚದ ತುದಿಯಲ್ಲೆತ್ತಿಕೊಂಡು ಕಿರೀಟದ ಕೆತ್ತನೆ, ಕಂಠಹಾರದ ಮಣಿ, ಸೀರೆಯ ಜರಿ, ಪ್ರಭಾವಳಿಯ ಬಳ್ಳಿ, ಕಂಬದ ಬೋದಿಗೆ ಇವುಗಳ ಮೇಲೆ ಎಳೆಯೆಳೆಯಾಗಿ ಇಡಬೇಕು. ಲೇಪವು ಒಣಗಿದಾಗ ಬೆರಳಿಗೆ ತಾಕುವಷ್ಟು ಮಾತ್ರ ಉಬ್ಬಿರುತ್ತದೆ. ಮುಂಜಾನೆಯ ತಂಪಿನಲ್ಲಿ, ತಳವು ಇನ್ನೂ ಪಸೆಯಾಗಿರುವಾಗ, ಚಿನ್ನದ ರೇಕನ್ನು ಅದರ ಮೇಲೆ ಒತ್ತಿ ಕೂರಿಸುತ್ತಾರೆ. ಬಿಸಿಲೇರಿದರೆ ಅಂಟು ಹಿಡಿಯುವುದಿಲ್ಲ. ಅಪರಂಜಿಯ ರೇಕು ಎಷ್ಟು ತೆಳುವೆಂದರೆ ಒಂದು ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರಿನಷ್ಟು ಹರಡಬಹುದು. ಉಸಿರು ತಗುಲಿದರೂ ಅದು ಮಡಿಚಿಕೊಳ್ಳುತ್ತದೆ. ಎಲ್ಲವೂ ಒಣಗಿದ ಮೇಲೆ ಚಿತ್ರದ ಮೇಲೆ ತೆಳುವಾದ ಕಾಗದವನ್ನು ಹೊದಿಸಿ, ನುಣುಪಾದ ಕಲ್ಲಿನಿಂದ ಮೆಲ್ಲಗೆ ತೀಡುತ್ತಾರೆ. ಕಾಗದವನ್ನೆತ್ತಿದಾಗ ಬಣ್ಣವೂ ಹೊನ್ನೂ ಒಂದೇ ಮೈಯಾಗಿ ಬೆಳಗುತ್ತವೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಇಂತಹ ಪಟದ ಬೆಲೆಯಲ್ಲಿ ಲೋಹದ ಪಾಲು ಸ್ವಲ್ಪ, ಕೈಗೆಲಸದ ಪಾಲು ಬಹಳ. ಎರಡನೆಯದು, ರೇಕು ಎಲ್ಲಿ ಕೂರಬೇಕೆಂಬುದನ್ನು ನಿರ್ಣಯಿಸುವುದು ಅದರ ಕೆಳಗಿನ ಲೇಪದ ಎಳೆ. ಆ ಎಳೆಯನ್ನು ನಿರ್ಣಯಿಸುವುದು ಅದಕ್ಕೂ ಕೆಳಗಿರುವ ಇದ್ದಿಲ ಗೀಟು. ಮೊದಲನೆಯ ರೇಖೆಯು ಸೊಟ್ಟಗಾದರೆ ಮೇಲಿನ ಹೊನ್ನು ಆ ಸೊಟ್ಟನ್ನೇ ಎತ್ತಿ ತೋರಿಸುತ್ತದೆ.

ತಂಜಾವೂರಿನ ಕ್ರಮವು ಬೇರೆ. ಅಲ್ಲಿ ಹಲಸಿನ ಹಲಗೆಯ ಮೇಲೆ ಬಟ್ಟೆಯನ್ನು ಅಂಟಿಸಿ ಸುಣ್ಣದ ಲೇಪವನ್ನು ಬಳಿಯುತ್ತಾರೆ. ಆಭರಣಗಳ ಉಬ್ಬು ದಪ್ಪನಾಗಿರುತ್ತದೆ; ನಡುನಡುವೆ ಗಾಜಿನ ಹರಳುಗಳನ್ನು ಕೂರಿಸುತ್ತಾರೆ; ಮೂರ್ತಿಗಳು ದುಂಡಗೆ ತುಂಬಿಕೊಂಡಿರುತ್ತವೆ. ಬೆಣ್ಣೆಯ ಗಡಿಗೆಯ ಬಳಿ ಕುಳಿತ ಬಾಲಕೃಷ್ಣನ ಪಟವನ್ನು ನೋಡಿದವರಿಗೆ ಆ ಕಲೆಯ ಸೊಬಗನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ದೂರದಿಂದಲೇ ಕಣ್ಸೆಳೆಯುವುದು ಅದರ ಗುಣ. ಹತ್ತಿರ ಬಂದವರಿಗೆ ಮಾತ್ರ ತನ್ನ ಸೂಕ್ಷ್ಮವನ್ನು ಬಿಟ್ಟುಕೊಡುವುದು ಮೈಸೂರಿನ ಪಟದ ಗುಣ. ಒಂದು ಮೇಲು, ಇನ್ನೊಂದು ಕೀಳು ಎನ್ನುವುದು ಯುಕ್ತವಲ್ಲ. ಆದರೆ ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದರೆ ಮೈಸೂರಿನ ಪಟವು ಬಡವಾಗಿ ಕಾಣುವುದರಲ್ಲಿ ಸಂದೇಹವಿಲ್ಲ.

ಹಳೆಯ ಮನೆಗಳ ದೇವರಕೋಣೆಯು ಹಗಲಿನಲ್ಲಿಯೂ ಮಬ್ಬಾಗಿರುತ್ತಿತ್ತು. ಎಣ್ಣೆಯ ದೀಪದ ಕುಡಿಯು ಅಲುಗಿದಂತೆಲ್ಲ ತೆಳುವಾದ ಉಬ್ಬಿನ ಒಂದು ಮಗ್ಗುಲು ಬೆಳಗಿ ಮತ್ತೊಂದು ಮಗ್ಗುಲು ನೆರಳಾಗುತ್ತಿತ್ತು. ಕಿರೀಟವೂ ಹಾರವೂ ಮಿಣುಗಿದಾಗ ನಡುವಣ ಮುಖವು ತಿಳಿಯಾದ ಬಣ್ಣದಲ್ಲಿ ಶಾಂತವಾಗಿ ನಿಲ್ಲುತ್ತಿತ್ತು. ಚಿನ್ನವನ್ನು ಮುಖದ ಸುತ್ತ ಇಟ್ಟು ಮುಖದ ಮೇಲೆ ಇಡದಿದ್ದುದರ ಅರ್ಥವು ವಿದ್ಯುದ್ದೀಪದ ಬೆಳಕಿನಲ್ಲಿ ಅಷ್ಟಾಗಿ ತಿಳಿಯದು.

೫

ಇಷ್ಟು ಶ್ರದ್ಧೆಯಿಂದ ಬೆಳೆದ ಕಲೆಯು ಮುಮ್ಮಡಿಯವರು ತೀರಿಕೊಂಡ ಒಂದೆರಡು ತಲೆಮಾರುಗಳಲ್ಲಿಯೇ ಮೂಲೆಗೆ ಸರಿಯಿತು. ಯುದ್ಧವಾಗಲಿ ಕ್ಷಾಮವಾಗಲಿ ಅದಕ್ಕೆ ಕಾರಣವಲ್ಲ. ಅಭಿರುಚಿಯೂ ಬೆಲೆಯೂ ಕಾರಣ. ತಿರುವಾಂಕೂರಿನ ರಾಜಾ ರವಿವರ್ಮರು ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ೧೮೮೫ರಲ್ಲಿ ಮೈಸೂರಿಗೆ ಬಂದರು. ಎಣ್ಣೆಬಣ್ಣದಲ್ಲಿ ನೆರಳು ಬೆಳಕುಗಳಿಂದ ಮೈದುಂಬಿದ ಮನುಷ್ಯರನ್ನು ಬರೆಯುವ ಅವರ ರೀತಿಯು ಅರಮನೆಯನ್ನು ಮೆಚ್ಚಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ಅವರು ಅರಮನೆಗಾಗಿ ಪುರಾಣಚಿತ್ರಗಳನ್ನು ಬರೆದರು. ಅದಕ್ಕಿಂತ ಹೆಚ್ಚಿನ ಪರಿಣಾಮವಾದುದು ೧೮೯೪ರಲ್ಲಿ ಅವರು ಮುಂಬಯಿಯಲ್ಲಿ ಸ್ಥಾಪಿಸಿದ ಅಚ್ಚುಕೂಟದಿಂದ. ಅಲ್ಲಿ ಅಚ್ಚಾದ ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳು ಅಲ್ಪಬೆಲೆಗೆ ದೊರಕತೊಡಗಿದುವು. ಹೊನ್ನರೇಕಿನ ಪಟವನ್ನು ಬರೆಯಿಸಲು ಶಕ್ತಿಯಿಲ್ಲದ ಬಡವನ ಮನೆಗೂ ದೇವರು ಪಟವಾಗಿ ಬಂದುದು ಆ ಅಚ್ಚಿನ ಪುಣ್ಯವೆಂದೇ ಹೇಳಬೇಕು. ಆದರೆ ಶಕ್ತಿಯಿದ್ದವನೂ ಬರೆಯಿಸುವುದನ್ನು ಬಿಟ್ಟುಬಿಟ್ಟನು. ಚಿತ್ರಗಾರನ ಜೀವನಕ್ಕೆ ಆಧಾರವು ತಪ್ಪಿತು.

೧೮೯೭ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ೧೯೧೨ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣಮಂಟಪದಲ್ಲಿ ದಸರೆಯ ಮೆರವಣಿಗೆಯನ್ನು ಮೈಸೂರಿನ ಕಲಾವಿದರೇ ಬರೆದಿದ್ದಾರೆ. ಆದರೆ ಅವು ಛಾಯಾಚಿತ್ರಗಳ ಆಧಾರದಿಂದ ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳು. ಜಗನ್ಮೋಹನದ ಗೋಡೆಯ ದಸರೆಯನ್ನೂ ಈ ದಸರೆಯನ್ನೂ ಒಂದೇ ದಿನ ನೋಡಿದವರಿಗೆ ನಡುವೆ ಕಳೆದುಹೋದುದು ಏನೆಂಬುದು ತಿಳಿಯುತ್ತದೆ. ಮೊದಲನೆಯದರಲ್ಲಿ ರೇಖೆಯು ಆಳುತ್ತದೆ. ಎರಡನೆಯದರಲ್ಲಿ ನೆರಳು ಆಳುತ್ತದೆ.

ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರ (೧೮೮೬–೧೯೬೫) ಬಾಳು ಈ ಪರಿವರ್ತನೆಗೆ ಒಂದು ನಿದರ್ಶನ. ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ ಬೌದ್ಧ ಪುರಾಣಕಥೆಗಳ ೧೯೧೩ರ ಗ್ರಂಥಕ್ಕೆ ಚಿತ್ರಗಳನ್ನು ಬರೆದರು. ಊಟಿ, ಕೊಡೈಕಾನಲುಗಳ ಜಲವರ್ಣದ ನಿಸರ್ಗಚಿತ್ರಗಳಿಂದ ಕೀರ್ತಿಯನ್ನು ಪಡೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಯು ಅವರ ಹೆಸರನ್ನು ಹೊತ್ತಿದೆ. ಮಂಜಿನ ನಡುವಣ ಬೆಟ್ಟವನ್ನು ಬರೆದಾಗಲೂ ಅವರ ಕೈಯಲ್ಲಿದ್ದ ಸೂಕ್ಷ್ಮತೆಯು ಹಳೆಯ ಮನೆತನದ ಸೊತ್ತೆಂದು ಬಲ್ಲವರು ಗುರುತಿಸುತ್ತಾರೆ. ಆದರೆ ಅವರ ಕೀರ್ತಿಯು ದೇವತಾಪಟದ ದಾರಿಯಲ್ಲಿ ಬರಲಿಲ್ಲವೆಂಬುದೂ ಅಷ್ಟೇ ನಿಜ.

೬

ಕಲೆಯು ಪೂರ್ತಿಯಾಗಿ ನಶಿಸಲಿಲ್ಲ. ೧೯೬೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತು ಎಂ. ಎಸ್. ನಂಜುಂಡರಾಯರ ಪ್ರಯತ್ನದಿಂದ ಹಳೆಯ ಮೈಸೂರು ಪಟಗಳನ್ನು ಕೂಡಿಸಿ ಒಂದು ಸಂಗ್ರಹವನ್ನು ಕಟ್ಟಿತು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿಯೂ ಇಂತಹ ಪಟಗಳಿವೆ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಈ ಕಲೆಯನ್ನು ಕಲಿಸುವವರಿದ್ದಾರೆ. ಕಲಿಯುವವರಲ್ಲಿ ಗೃಹಿಣಿಯರ ಸಂಖ್ಯೆಯು ಗಣನೀಯವಾಗಿದೆ. ಹುಟ್ಟಿನಿಂದ ಬರುತ್ತಿದ್ದ ವಿದ್ಯೆಯು ಹೀಗೆ ಆಸಕ್ತಿಯುಳ್ಳ ಎಲ್ಲರಿಗೂ ತೆರೆದುಕೊಂಡುದು ಸಂತೋಷದ ವಿಷಯ. ‘ಮೈಸೂರು ಸಾಂಪ್ರದಾಯಿಕ ಚಿತ್ರಕಲೆ’ ಎಂಬ ಹೆಸರಿಗೆ ೨೦೦೫ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆಯೂ ದೊರಕಿತು.

ಸಾಮಗ್ರಿಗಳು ಬದಲಾಗಿರುವುದನ್ನು ಕಂಡು ಮರುಗಬೇಕಾದುದಿಲ್ಲ. ಸೀಸದ ಸಫೇದವು ವಿಷ. ಅದರ ಬದಲು ಸತುವಿನ ಬಿಳಿಯನ್ನು ಬಳಸುವುದು ಕೆಲಸಮಾಡುವವರ ಆರೋಗ್ಯಕ್ಕೆ ಒಳ್ಳೆಯದು. ಅಂಗಡಿಯ ಬಣ್ಣಗಳನ್ನು ಉಪಯೋಗಿಸುವುದೂ ಅಪರಾಧವಲ್ಲ. ನಿಜವಾದ ಅಪಾಯವು ಬೇರೆಡೆ ಇದೆ. ಕೊಳ್ಳುವವರು ಹೊಳಪನ್ನೇ ಕೇಳುವಾಗ ಮಾರುವವರು ಹೊಳಪನ್ನೇ ಕೊಡುತ್ತಾರೆ. ಲೇಪವು ದಪ್ಪವಾಗುತ್ತದೆ, ಬಳ್ಳಿಯ ಎಳೆಯು ಹಗ್ಗವಾಗುತ್ತದೆ, ಅಚ್ಚಿನ ಕಾಗದದಿಂದ ಇಳಿಸಿಕೊಂಡ ಆಕೃತಿಯ ಮೇಲೆ ಹಿತ್ತಾಳೆಯ ಬಣ್ಣದ ಹಾಳೆಯು ಕೂರುತ್ತದೆ. ಭೌಗೋಳಿಕ ಸೂಚಕವು ಹೆಸರನ್ನು ಕಾಪಾಡಬಲ್ಲದೇ ಹೊರತು ಗೀಟನ್ನೆಳೆಯುವ ಕೈಯನ್ನು ತರಬೇತುಮಾಡಲಾರದು. ಆ ಕೆಲಸವು ಗುರುವಿನದು. ಗುರುವಿಗೆ ಶಿಷ್ಯರೂ, ಶಿಷ್ಯರಿಗೆ ಜೀವನವೂ ದೊರೆಯುವಂತೆ ಮಾಡುವುದು ಬಲ್ಲವರಾಗಿ ಕೊಳ್ಳುವವರದು.

ಹಳೆಯ ಪಟಗಳ ಪಾಡೂ ಆಲೋಚಿಸತಕ್ಕುದೇ. ದೊಡ್ಡ ಮನೆಗಳು ಒಡೆದು ಸಣ್ಣ ಮನೆಗಳಾಗುತ್ತಿರುವ ಈ ಕಾಲದಲ್ಲಿ ಅಜ್ಜಿಯ ದೇವರಕೋಣೆಯ ಮಾಸಿದ ಪಟವು ಅಟ್ಟವನ್ನೋ ಗುಜರಿಯನ್ನೋ ಸೇರುವುದು ಸುಲಭ. ಅದನ್ನು ಎಸೆಯುವ ಮುನ್ನ ಕಿಟಕಿಯ ಬಳಿ ಓರೆಯಾಗಿ ಹಿಡಿದು ನೋಡಬೇಕು. ಕಿರೀಟದ ಮೇಲೆ ತೆಳುವಾದ ಉಬ್ಬಿನ ಎಳೆಗಳು ಕಂಡು, ಹೊಗೆಯ ಕೆಳಗೆ ಹಳದಿಯು ಕಪ್ಪಾಗದೆ ಉಳಿದಿದ್ದರೆ, ಅದು ನಿಜವಾದ ಹೊನ್ನಿರಬಹುದು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಅಂತಹ ಪಟವನ್ನು ಒದ್ದೆಬಟ್ಟೆಯಿಂದ ಒರಸಕೂಡದು. ಬಣ್ಣವನ್ನು ಹಿಡಿದಿರುವ ಗೋಂದು ನೀರಿಗೆ ಕರಗುವುದರಿಂದ ನೂರು ವರ್ಷದ ಮುಖವು ಒಂದು ನಿಮಿಷದಲ್ಲಿ ಅಳಿಸಿಹೋಗುತ್ತದೆ. ತೇವದ ಗೋಡೆಯಿಂದಲೂ ನೇರವಾದ ಬಿಸಿಲಿನಿಂದಲೂ ದೂರವಿಟ್ಟು, ಹಿಂಬದಿಯಲ್ಲಿ ಬರಹವೇನಾದರೂ ಇದ್ದರೆ ಅದನ್ನು ನಕಲುಮಾಡಿಕೊಂಡು, ಬಲ್ಲವರಿಗೆ ತೋರಿಸುವುದು ಲೇಸು.

ಹಲಸೂರಿನಿಂದ ಮಾರತ್ತಹಳ್ಳಿಯವರೆಗಿನ ಮನೆಗಳಲ್ಲಿ ಮೈಸೂರಿನ ಪಟವೂ ತಂಜಾವೂರಿನ ಪಟವೂ ಅಕ್ಕಪಕ್ಕದಲ್ಲಿ ತೂಗಬಹುದು. ವಿಜಯನಗರದಿಂದ ಅಗಲಿದ ಎರಡು ಶಾಖೆಗಳು ಹೀಗೆ ಒಂದು ಗೋಡೆಯ ಮೇಲೆ ಕೂಡಿದರೆ ಅದು ಹರ್ಷಕ್ಕೆ ಕಾರಣವೇ ಸರಿ. ಒಂದೊಂದನ್ನೂ ಅದರದರ ಹೆಸರಿನಿಂದ ಕರೆಯುವುದನ್ನು ಮನೆಯ ಮಕ್ಕಳಿಗೆ ಕಲಿಸಿದರೆ, ಹೆಸರಿಲ್ಲದೆ ಕೆಲಸಮಾಡಿ ಹೋದ ಆ ಚಿತ್ರಗಾರರಿಗೆ ಸಲ್ಲಬೇಕಾದ ಗೌರವದಲ್ಲಿ ಒಂದಂಶವಾದರೂ ಸಂದಂತಾಗುತ್ತದೆ.